ಕುಶಾಲತೋಪು ಬೇಡ, ಕೊಪ್ಪರಿಗೆ ಇರಲಿ

ನಮಸ್ಕಾರ.

ನೀವು ಪಾಂಡವಪುರದಿಂದ ಕಳಿಸಿದ ವಿಶ್ವದ ಹುಟ್ಟಿನ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ಕೈಬಿಡೋಕೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲೇ ಎಡವಿದ್ದೀರಿ. ದಸರಾ ಕುಶಾಲತೋಪಿನ ಹಾಗೆ ಏನೋ ಢಂ ಅಂತ ಸಿಡಿಯಿತು, ಚೂರುಗಳು ಕತ್ತಲೆಯ ಖಾಲಿ ಜಾಗಕ್ಕೆ ಚಿಮ್ಮಿದವು ಅಂತ ಬರೆದಿದ್ದೀರಿ. ಓದೋಕೆ ಚೆನ್ನಾಗಿದೆ, ಆದರೆ ತಪ್ಪು. ತೋಪು ಸಿಡಿಯೋಕೆ ಒಂದು ಮೈದಾನ ಬೇಕು, ಸುತ್ತ ನಿಂತು ನೋಡೋಕೆ ಜಾಗ ಬೇಕು. ಇಲ್ಲಿ ಹಿಗ್ಗಿದ್ದು ಆ ಜಾಗವೇ. ಅದಕ್ಕೊಂದು ನಡುವೂ ಇಲ್ಲ. ಮಂಡ್ಯದಿಂದ ನೋಡಿದರೂ ಅಷ್ಟೇ, ಬೇರೆ ಯಾವುದೋ ಗ್ಯಾಲಕ್ಸಿಯಿಂದ ನೋಡಿದರೂ ಅಷ್ಟೇ, ದೂರದ ಗ್ಯಾಲಕ್ಸಿಗಳೆಲ್ಲ ನಮ್ಮಿಂದಲೇ ದೂರ ಸರಿಯುತ್ತಿರುವ ಹಾಗೆ ಕಾಣುತ್ತದೆ. 'ಬಿಗ್ ಬ್ಯಾಂಗ್', ಅಂದರೆ 'ದೊಡ್ಡ ಢಂ' ಅನ್ನುವ ಹೆಸರೇ ಎಷ್ಟೋ ಜನರ ದಾರಿ ತಪ್ಪಿಸಿದೆ. 1949ರಲ್ಲಿ ರೇಡಿಯೋದಲ್ಲಿ ಆ ಹೆಸರಿಟ್ಟ ಬ್ರಿಟಿಷ್ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ವಿಶ್ವಕ್ಕೆ ಇಂಥದ್ದೊಂದು ಆರಂಭವಿತ್ತು ಅನ್ನುವ ಆ ಸಿದ್ಧಾಂತವನ್ನು ಒಪ್ಪಿದವರೇ ಅಲ್ಲ.

ಇನ್ನು ನಾಲ್ಕನೇ ಪುಟ. ಅಲ್ಲಿ ನಿಮ್ಮ ಅಜ್ಜನ ಆಲೆಮನೆ ಎರಡೇ ಸಾಲಿನಲ್ಲಿ ಬಂದು ಹೋಗುತ್ತದೆ. ಕುದಿಯುವ ಕೊಪ್ಪರಿಗೆಯಿಂದ ಒಂದು ಹನಿ ಪಾಕ ತೆಗೆದು, ನೀರಿನ ಬಟ್ಟಲಿಗೆ ಬಿಟ್ಟು, ಉಂಡೆ ಕಟ್ಟಿತಾ ಅಂತ ಅವರು ಬೆರಳಲ್ಲಿ ಉರುಟಿ ನೋಡುತ್ತಿದ್ದರು. ನಿಮ್ಮ ಲೇಖನ ಇರೋದು ಅಲ್ಲೇ. ಆರಂಭದ ವಿಶ್ವದ್ದು ಸಿಡಿದ ಕಥೆಗಿಂತ ಜಾಸ್ತಿ ಬಿಸಿ ಆರಿದ ಕಥೆ. ಮೊದಲ ಸೆಕೆಂಡಿನ ಒಂದು ಚೂರು ಕಳೆಯುವಷ್ಟರಲ್ಲಿ ಕ್ವಾರ್ಕ್ ಎಂಬ ಬಿಡಿಬಿಡಿ ಮೂಲಕಣಗಳು ಕೂಡಿ ಪ್ರೋಟಾನ್, ನ್ಯೂಟ್ರಾನ್ ಆದವು. ಕೆಲವೇ ನಿಮಿಷದಲ್ಲಿ ಅವು ಸೇರಿ ಹೀಲಿಯಂನ ನ್ಯೂಕ್ಲಿಯಸ್, ಅಂದರೆ ಪರಮಾಣುವಿನ ನಡುವಿನ ಗಟ್ಟಿ, ಕಟ್ಟಿತು. ಆಮೇಲೆ ಉದ್ದದ ಕಾಯುವಿಕೆ. ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿಗೆ ಅಂಟಿ ಪರಮಾಣು ಆಗೋಕೆ 3 ಲಕ್ಷ 80 ಸಾವಿರ ವರ್ಷ ಬೇಕಾಯಿತು. ಅಲ್ಲಿಯವರೆಗೆ ಬೆಳಕು ಚಾಮುಂಡಿ ಬೆಟ್ಟದ ಮಂಜಿನಲ್ಲಿ ಸಿಕ್ಕ ಬೈಕಿನ ಹೆಡ್‌ಲೈಟ್ ಹಾಗೆ, ಹೆಜ್ಜೆಹೆಜ್ಜೆಗೂ ಬಿಡಿ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ. ಶಾಖ ಸುಮಾರು 2,700 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಮಂಜು ತಿಳಿಯಾಯಿತು, ಬೆಳಕು ಹೊರಟಿತು. ಅದೇ ಬೆಳಕು ಈಗ ಮೈನಸ್ 270 ಡಿಗ್ರಿಗೆ ಆರಿದೆ. ನಿಮ್ಮ ಅಂಗೈ ಮೇಲಿನ ಒಂದು ಘನ ಸೆಂಟಿಮೀಟರ್ ಗಾಳಿಯಷ್ಟು ಜಾಗದಲ್ಲಿ ಅದರ ಸುಮಾರು 400 ಫೋಟಾನ್‌ಗಳಿವೆ, ಅಂದರೆ ಬೆಳಕಿನ ಕಣಗಳು. ಇದನ್ನು ಬರೆಯದೆ ಹೇಗೆ ಬಿಟ್ಟಿರಿ?

ಕೊಪ್ಪರಿಗೆಯ ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ ಅನ್ನೋದನ್ನೂ ಓದುಗರಿಗೆ ಹೇಳಿಬಿಡಿ. ಬೆಲ್ಲದ ಬಿಸಿ ಹೊರಗಿನ ಗಾಳಿಗೆ ಹೋಗುತ್ತದೆ. ವಿಶ್ವಕ್ಕೆ ಹೊರಗಿಲ್ಲ. ಜಾಗ ಹಿಗ್ಗಿದಂತೆ ಬೆಳಕಿನ ಅಲೆಯೂ ಉದ್ದವಾಗಿ, ಶಕ್ತಿ ಕುಗ್ಗಿ ಅದು ಆರಿತು.

'ಮೊದಲು ಶಕ್ತಿ, ಆಮೇಲೆ ದ್ರವ್ಯ' ಅನ್ನುವ ಸಾಲು ತೆಗೆಯಿರಿ. ಆ ಬಿಸಿಯಲ್ಲಿ ಅವೆರಡೂ ಒಂದಕ್ಕೊಂದು ಬದಲಾಗುತ್ತಲೇ ಇದ್ದವು. ಬೆಳಕಿನಿಂದ ಕಣ ಮತ್ತು ಅದರ ತದ್ವಿರುದ್ಧ ಅವಳಿಯಾದ ಪ್ರತಿಕಣದ ಜೋಡಿ ಹುಟ್ಟೋದು, ಆ ಜೋಡಿ ಮುಟ್ಟಿಕೊಂಡು ಮತ್ತೆ ಬೆಳಕಾಗೋದು. ಕೊನೆಗೆ ಸುಮಾರು ನೂರು ಕೋಟಿ ಜೋಡಿಗೆ ಒಂದು ಕಣದ ಲೆಕ್ಕದಲ್ಲಿ ಜಾಸ್ತಿ ಉಳಿಯಿತು. ನೀವು, ನಾನು, ಕಬ್ಬಿನ ಗದ್ದೆ ಎಲ್ಲ ಆ ಮಿಕ್ಕಿದ್ದರಿಂದ ಆದದ್ದು. ಯಾಕೆ ಮಿಕ್ಕಿತು ಅನ್ನೋದು ವಿಜ್ಞಾನಿಗಳಿಗೆ ಇನ್ನೂ ಬಗೆಹರಿದಿಲ್ಲ. ಅದನ್ನು ಹಾಗೇ ಬರೆಯಿರಿ, ಮುಚ್ಚಿಡಬೇಡಿ. ಚಿನ್ನ, ಕಬ್ಬಿಣ ಆಗಲೇ ಹುಟ್ಟಿದವು ಅನ್ನೋದೂ ತಪ್ಪು. ಆಗ ಆದದ್ದು ಹೈಡ್ರೋಜನ್, ಹೀಲಿಯಂ, ಚೂರೇ ಚೂರು ಲಿಥಿಯಂ.

ಉದಾಹರಣೆಗೆಲ್ಲ ಅಮೆರಿಕಕ್ಕೇ ಹೋಗಿದ್ದೀರಿ. 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮೊದಲ ನಕ್ಷತ್ರಗಳ ಕಾಲದ ಸುಳಿವು ಹುಡುಕುತ್ತಾ ಸರಸ್ ಎಂಬ ರೇಡಿಯೋ ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟಿದ್ದರು. ಅದಕ್ಕೊಂದು ಪ್ಯಾರಾ ಕೊಡಿ.

'ಅನಂತಕೋಟಿ ಬ್ರಹ್ಮಾಂಡ ನಾಯಕ' ಅಂತ ಶುರುವಾಗುವ ಅರ್ಧ ಪುಟ ಪೂರ್ತಿ ಹೋಗಲಿ. ಆಲೆಮನೆಯಿಂದ ಶುರು ಮಾಡಿ, ಸಾವಿರ ಪದಕ್ಕೆ ಇಳಿಸಿ ಕಳಿಸಿ. ಪಾಕ ಬಂತು ಅಂತ ಅಜ್ಜ ಏನು ಹೇಳಿ ಕೂಗುತ್ತಿದ್ದರು? ಅದನ್ನು ಅವರ ಮಾತಲ್ಲೇ ಬರೆಯಿರಿ. ನಾನು ತಿದ್ದುವುದಿಲ್ಲ.