ಅಪ್ಪನ ಅಡಿಕೆ ಸುಲಿಯುವ ಮಷಿನ್‌ಗೆ ಪೇಟೆಂಟ್ ಇದೆ. ವಿಲ್‌ನಲ್ಲಿ ಅದನ್ನೂ ಬರೆಸಬೇಕಾ?

ಚನ್ನಗಿರಿ ಕಡೆಯವರು, ಮೂವರು ಮಕ್ಕಳು, ಅಪ್ಪ ತೋಟ-ಮನೆಗೆ ವಿಲ್ ಬರೆಸುತ್ತಿದ್ದಾರೆ, ಪೇಟೆಂಟ್ ವಿಷಯ ತೆಗೆದರೆ ಪತ್ರ ಬರಹಗಾರರು "ಅದೆಲ್ಲ ಯಾಕೆ ಬಿಡಿ" ಅಂದರು ಅಂತ ಬರೆದಿದ್ದೀರಿ. ಬಿಡಬೇಡಿ, ಬರೆಸಿ. ಪೇಟೆಂಟ್, ಅಂದರೆ ತಾನು ಕಂಡುಹಿಡಿದದ್ದನ್ನು ಬೇರೆಯವರು ಕೇಳದೆ ಮಾಡಿ ಮಾರದಂತೆ ಸರ್ಕಾರ ಕೊಡುವ ಹಕ್ಕು, ಅದೂ ಆಸ್ತಿಯೇ. ಕಾನೂನಿನ ಲೆಕ್ಕದಲ್ಲಿ ಚರಾಸ್ತಿ.

ನಾನು ವಕೀಲನಲ್ಲ, ಪೆಟ್ಟು ತಿಂದ ಮನೆಯವನು. ಚಳ್ಳಕೆರೆಯಲ್ಲಿ ನಮ್ಮ ದೊಡ್ಡಪ್ಪ ಶೇಂಗಾ ಸುಲಿಯುವ ಮಷಿನ್‌ಗೆ ಪೇಟೆಂಟ್ ಪಡೆದಿದ್ದರು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕದಲ್ಲೇ ನೇತುಹಾಕಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣಂದಿರು ಎರಡು ಎಕರೆ ಹೊಲಕ್ಕೆ, ಒಂದು ಸೈಟಿಗೆ ಕೋರ್ಟು ಅಲೆದರು. ಗೋಡೆ ಮೇಲಿನ ಕಾಗದ ಯಾರಿಗೂ ನೆನಪಿರಲಿಲ್ಲ. ಇನ್ನೊಂದು ವರ್ಕ್‌ಶಾಪಿನವರು ದೊಡ್ಡಪ್ಪನ ಮಷಿನ್‌ನಲ್ಲಿದ್ದ ಜಾಲರಿಯನ್ನೇ ಹಾಕಿ ಮಷಿನ್ ಮಾರುತ್ತಿದ್ದಾರೆ ಅಂತ ಗೊತ್ತಾದಾಗ ಹುಡುಕಿದೆವು. ಮೂರು ವರ್ಷದಿಂದ ರಿನ್ಯೂವಲ್ ಫೀ ಕಟ್ಟಿಲ್ಲ! ಪೇಟೆಂಟ್ ಕಚೇರಿಯ ಪತ್ರ ಬರಲಿ ಅಂತ ಅರ್ಜಿಯಲ್ಲಿ ಕೊಟ್ಟಿದ್ದದ್ದು ಒಂದು ಸೈಬರ್ ಸೆಂಟರಿನ ಮೇಲ್ ಐಡಿ. ಹೋಗಿ ನೋಡಿದರೆ ಆ ಜಾಗದಲ್ಲಿ ಕಬ್ಬಿನ ಹಾಲಿನ ಅಂಗಡಿ.

ಪೇಟೆಂಟ್ ಹೊಲದ ಹಾಗೆ ಸುಮ್ನೆ ಬಿದ್ದಿರುವ ಆಸ್ತಿ ಅಲ್ಲ, ಅಲ್ವಾ? ಅರ್ಜಿ ಹಾಕಿದ ದಿನದಿಂದ 20 ವರ್ಷ ಆಯಸ್ಸು. ಮೂರನೇ ವರ್ಷದಿಂದ ಪ್ರತಿ ವರ್ಷಕ್ಕೂ ಫೀ. ಆನ್‌ಲೈನ್‌ನಲ್ಲಿ ಕಟ್ಟಿದರೆ ವ್ಯಕ್ತಿಗಳಿಗೆ ಮೊದಮೊದಲು ವರ್ಷಕ್ಕೆ 800 ರೂಪಾಯಿ, ಕೊನೆಯ ಐದು ವರ್ಷ 8,000. ತಡವಾದರೆ ದಂಡ ಕಟ್ಟಲು 6 ತಿಂಗಳು ಸಿಗುತ್ತದೆ. ರದ್ದಾದರೆ ಮತ್ತೆ ಜೀವ ಕೊಡಿ ಅಂತ ಕೇಳಲು 18 ತಿಂಗಳು. ನಮಗೆ ಅದೂ ದಾಟಿತ್ತು.

ವಿಲ್‌ನಲ್ಲಿ "ಮೂವರಿಗೂ ಸಮಪಾಲು" ಅಂತ ಮಾತ್ರ ಬರೆಸಬೇಡಿ. ಕೇಳಲು ನ್ಯಾಯವಾಗಿದೆ, ಆದರೆ ಪೇಟೆಂಟ್ ಕಾಯ್ದೆಯಲ್ಲಿ ಜಂಟಿ ಮಾಲೀಕರು ತಾವು ಮಷಿನ್ ಮಾಡಿ ಮಾರಬಹುದೇ ಹೊರತು ಉಳಿದವರ ಒಪ್ಪಿಗೆ ಇಲ್ಲದೆ ಯಾರಿಗೂ ಲೈಸೆನ್ಸ್ (ಆ ಮಷಿನ್ ಮಾಡಿ ಮಾರಲು ಅನುಮತಿ) ಕೊಡುವಂತಿಲ್ಲ, ತಮ್ಮ ಪಾಲು ಮಾರುವಂತೆಯೂ ಇಲ್ಲ. ಒಬ್ಬರು ಮುನಿಸಿಕೊಂಡರೆ ಮುಗಿಯಿತು. ವಿಲ್ ಇಲ್ಲದಿದ್ದರೂ ಇದೇ ಕಥೆ: ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಜ್ಜಿ (ಅಪ್ಪನ ಅಮ್ಮ) ಇದ್ದರೆ ಅವರೂ, ಎಲ್ಲರಿಗೂ ಸಮ. ವರ್ಕ್‌ಶಾಪ್ ನೋಡಿಕೊಳ್ಳುವವರು ಯಾರೋ ಅವರ ಹೆಸರಿಗೆ ಪೇಟೆಂಟ್ ಬರೆಸಿ, ಉಳಿದವರಿಗೆ ತೋಟದಲ್ಲೋ ದುಡ್ಡಿನಲ್ಲೋ ಸರಿದೂಗಿಸುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಪೇಟೆಂಟ್ ನಂಬರ್, ಫೀ ಯಾರು ಕಟ್ಟಬೇಕು, ಎರಡೂ ವಿಲ್‌ನಲ್ಲಿರಲಿ.

ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿ ಸಾಕು. ಪಾಲು ಪಡೆಯುವವರು ಸಾಕ್ಷಿ ಹಾಕದಿದ್ದರೆ ತಕರಾರು ಕಡಿಮೆ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿಬಿಡಿ.

ಮುಂದೆ ಹೊಲಕ್ಕೆ ಪೌತಿ ಖಾತೆ ಮಾಡಿಸಿದ ಹಾಗೆ ಪೇಟೆಂಟ್‌ಗೂ ಹೆಸರು ಬದಲಾಯಿಸಬೇಕು. ನಮ್ಮ ಕಡೆಯದ್ದು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತದೆ. 16ನೇ ನಮೂನೆ ತುಂಬಿ, ಮರಣ ಪತ್ರ, ವಿಲ್ ಪ್ರತಿ ಜೊತೆ ಆನ್‌ಲೈನ್‌ನಲ್ಲೇ ಕಳಿಸಬಹುದು.

ಅದಿರಲಿ, ಇವತ್ತೇ ಅಪ್ಪನನ್ನು ಕೇಳಿ: ಅರ್ಜಿಯಲ್ಲಿ ಕೊಟ್ಟ ಮೇಲ್ ಐಡಿ ಯಾರದ್ದು, ಪಾಸ್‌ವರ್ಡ್ ಯಾರ ಹತ್ತಿರ ಇದೆ?