ಹಾಳೆಯಲ್ಲಿ 4, ಮನೆಯಲ್ಲಿ 36, 6, 14: ನಿಂತ ಗೆರೆಗಳ ಲೆಕ್ಕ ಎಲ್ಲಿ ತಪ್ಪುತ್ತದೆ?

ಈ ಸಲದ ಪ್ರಶ್ನೆಗಳೆಲ್ಲ ನಿರಪೇಕ್ಷ ಮೌಲ್ಯದ ಸುತ್ತಲೇ ಇವೆ. ಚಿಹ್ನೆ ಬಿಟ್ಟು, ಒಂದು ಸಂಖ್ಯೆ ಸೊನ್ನೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಅದರ ನಿರಪೇಕ್ಷ ಮೌಲ್ಯ; ಅದನ್ನು ಎರಡು ನಿಂತ ಗೆರೆಗಳ ನಡುವೆ ಬರೆಯುತ್ತಾರೆ: |−4| = 4. ಅದರಲ್ಲೂ ಅಕ್ಷರದ ಜಾಗಕ್ಕೆ ಋಣ ಸಂಖ್ಯೆ ಹಾಕಿದಾಗ ಆಗುವ ಗೊಂದಲದ ಬಗ್ಗೆ. ಗೊತ್ತಿಲ್ಲದ ಸಂಖ್ಯೆಯನ್ನು ಇಲ್ಲಿ ‘ಕ’ ಎಂದು ಬರೆದಿದ್ದೇವೆ. ಶಾಲೆಯ ಪುಸ್ತಕದಲ್ಲಿ ಆ ಜಾಗದಲ್ಲಿ ಎಕ್ಸ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಮಗಳು ಎಂಟನೇ ತರಗತಿ. ಟ್ಯೂಷನ್‌ನಲ್ಲಿ ಕೊಟ್ಟ ಹಾಳೆಯಲ್ಲಿ, ಕ = −4 ಆದಾಗ 3|2ಕ + 5| − |1 − ಕ| ಇದರ ಬೆಲೆ ಎಷ್ಟು ಎಂಬ ಲೆಕ್ಕವಿತ್ತು. ಅವಳಿಗೆ 36 ಬಂತು. ಹತ್ತನೇ ತರಗತಿಯಲ್ಲಿರುವ ಅವಳ ಅಣ್ಣ 6 ಅಂದ. ನಾನು ಮಾಡಿದಾಗ 14. ಹಾಳೆಯ ಹಿಂದೆ ಉತ್ತರ 4 ಎಂದಿದೆ. ಮೂವರೂ ಎಲ್ಲಿ ತಪ್ಪಿದ್ದೇವೆ?
— ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೂರೂ ಉತ್ತರಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಇಂಥ ಲೆಕ್ಕದಲ್ಲಿ ಬಂದ ಉತ್ತರ ನೋಡಿದರೆ ಸಾಕು, ಯಾವ ಸಾಲಿನಲ್ಲಿ ಎಡವಿದ್ದೀರಿ ಎಂದು ತಿಳಿಯುತ್ತದೆ. ನಿಮ್ಮ ಮನೆಯ ಮೂರು ತಪ್ಪುಗಳೂ ಬೇರೆ ಬೇರೆ ಜಾತಿಯವು.

ಮೊದಲು ಸರಿಯಾದ ದಾರಿ. ‘ಕ’ ಇರುವ ಕಡೆಯಲ್ಲೆಲ್ಲ ಅದನ್ನು ತೆಗೆದು ಖಾಲಿ ಆವರಣ ಬರೆದುಕೊಳ್ಳಬೇಕು:

3|2( ) + 5| − |1 − ( )|

ಆ ಆವರಣಕ್ಕೆ −4 ಅನ್ನು ಅದರ ಚಿಹ್ನೆಯ ಸಮೇತ ತುಂಬಬೇಕು:

3|2(−4) + 5| − |1 − (−4)|

ಗೆರೆಗಳು ಇದ್ದ ಹಾಗೇ ಇರಲಿ. ಒಳಗಿನ ಲೆಕ್ಕ ಮುಗಿಸಿ:

3|−8 + 5| − |1 + 4|
3|−3| − |5|

ಪ್ರತಿ ಜೋಡಿ ಗೆರೆಯೊಳಗೆ ಒಂದೇ ಒಂದು ಸಂಖ್ಯೆ ಉಳಿದ ಮೇಲೆ ಗೆರೆ ತೆಗೆಯುವುದು:

3 × 3 − 5 = 9 − 5 = 4

ಈಗ ಮಗಳ 36. ಗೆರೆಯೊಳಗೆ −4 ಹಾಕುವ ಹೊತ್ತಿಗೇ ಅವಳು ಅದನ್ನು 4 ಮಾಡಿಬಿಟ್ಟಿದ್ದಾಳೆ. 2 × 4 + 5 ಅಂದರೆ 13, ಮೂರು ಪಟ್ಟು 39. ಆ ಕಡೆ |1 − 4| ಅಂದರೆ 3. 39ರಲ್ಲಿ 3 ಹೋದರೆ 36. ‘ಗೆರೆಯೊಳಗೆ ಮೈನಸ್ ಕಂಡರೆ ಅಳಿಸು’ ಎಂದು ಹೇಳಿಕೊಟ್ಟ ಮಕ್ಕಳೆಲ್ಲ ಇದನ್ನೇ ಮಾಡುತ್ತಾರೆ; ತಪ್ಪು ಆ ಸೂತ್ರದ್ದು. |−4| ಎಂಬ ಒಂಟಿ ಸಂಖ್ಯೆಗೆ ಅದು ನಡೆಯುತ್ತದೆ. ಒಳಗೆ ಕೂಡುವುದೋ ಕಳೆಯುವುದೋ ಇದ್ದರೆ ಕೈಕೊಡುತ್ತದೆ.

ಯಾಕೆ ಎಂದು ಅವಳಿಗೆ ಸಾಲದ ಲೆಕ್ಕದಲ್ಲಿ ತೋರಿಸಿ. ಕೈಯಲ್ಲಿ 5 ಸಾವಿರ ಇದೆ, ಸೊಸೈಟಿಗೆ 8 ಸಾವಿರ ಕಟ್ಟಬೇಕು. ಇದ್ದದ್ದನ್ನೆಲ್ಲ ಕಟ್ಟಿದ ಮೇಲೆ ಎಷ್ಟರ ವ್ಯವಹಾರ ಉಳಿಯಿತು? 3 ಸಾವಿರದ್ದು. ಅದು ಸಾಲವೋ ಉಳಿತಾಯವೋ ಎಂಬುದನ್ನು ಬಿಟ್ಟು ‘ಎಷ್ಟು’ ಎಂದಷ್ಟೇ ಕೇಳುವುದು |5 − 8|. ಚುಕ್ತಾ ಮಾಡುವ ಮೊದಲೇ 8ರ ಮೈನಸ್ ಅಳಿಸಿದರೆ ಸಾಲವೂ ಆಸ್ತಿಯಾಗಿ 13 ಸಾವಿರ ಆಗುತ್ತದೆ. ಮಗಳ ಲೆಕ್ಕದಲ್ಲಿ ಆಗಿದ್ದು ಅದೇ. ಧನ, ಋಣ ಎಂಬ ಹೆಸರು ಬಂದದ್ದೇ ಇಂಥ ಲೆಕ್ಕದಿಂದ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಋಣ ಸಂಖ್ಯೆಗಳ ಕೂಡು-ಕಳೆಯ ನಿಯಮಗಳನ್ನು ಹೇಳಿದ್ದು ಆಸ್ತಿ ಮತ್ತು ಸಾಲದ ಮಾತಿನಲ್ಲೇ.

ಅಣ್ಣನ 6: ಮೊದಲ ಭಾಗ ಸರಿಯಾಗಿದೆ, 9 ಬಂದಿದೆ. ಎರಡನೆಯದರಲ್ಲಿ ಮೈನಸ್ ಮೊದಲೇ ಇದೆಯಲ್ಲ ಎಂದು −4ರ ಮೈನಸ್ ಅನ್ನು ಬರೆದೇ ಇಲ್ಲ. |1 − 4| = 3 ಆಗಿ 9 − 3 = 6. ಬೀಜೋಕ್ತಿಯಲ್ಲಿದ್ದ ಮೈನಸ್ ‘ಕಳೆ’ ಎನ್ನುತ್ತದೆ, −4ರ ಮೈನಸ್ ಆ ಸಂಖ್ಯೆಯದೇ. ಎರಡೂ ಹಾಳೆಯ ಮೇಲೆ ಕಾಣಬೇಕು. ಖಾಲಿ ಆವರಣ ಮೊದಲು ಬರೆಯಿರಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ನಿಮ್ಮ 14: ಒಳಗಿನದೆಲ್ಲ ಸರಿ ಮಾಡಿದ್ದೀರಿ. 9 − |5| ತನಕ ಬಂದು, ಆ ಗೆರೆಯ ಹೊರಗಿನ ಮೈನಸ್ ಅನ್ನೂ ಪ್ಲಸ್ ಮಾಡಿದ್ದೀರಿ. ಗೆರೆಯ ಅಧಿಕಾರ ಗೆರೆಯೊಳಗೆ ಮಾತ್ರ. ಹೊರಗಿನ ಚಿಹ್ನೆಯನ್ನಾಗಲಿ, ಹೊರಗಿನ 3ನ್ನಾಗಲಿ ಅದು ಮುಟ್ಟುವುದಿಲ್ಲ.

ಇನ್ನೊಂದು ವಿಷಯ, ಇದು ಈ ಮೂರಕ್ಕಿಂತ ಅಪಾಯದ್ದು. 2ಕ ಅಂದರೆ 2 ಗುಣಿಸು ಕ. ಆವರಣ ಬಿಟ್ಟು 2−4 ಎಂದು ಬರೆದ ಮಗು ಅದನ್ನು ‘ಎರಡರಲ್ಲಿ ನಾಲ್ಕು ಕಳೆ’ ಎಂದು ಓದುತ್ತದೆ. ಆಗ 2 − 4 + 5 = 3, ಗೆರೆ ತೆಗೆದರೂ 3. ನಿಜವಾದ ಒಳಬೆಲೆ −3, ಗೆರೆ ತೆಗೆದರೆ ಅದೂ 3! ಹಾಳೆಯಲ್ಲಿ 4 ಎಂಬ ಸರಿ ಉತ್ತರ, ಅದಕ್ಕೆ ಸರಿ ಗುರುತು, ಒಳಗೆ ದೊಡ್ಡ ತಪ್ಪು. ನಿರಪೇಕ್ಷ ಮೌಲ್ಯ ಚಿಹ್ನೆಯನ್ನು ತೆಗೆದುಹಾಕುವುದರಿಂದ ಹೀಗೆ ತಪ್ಪನ್ನೂ ಮುಚ್ಚಿಡಬಲ್ಲದು. ಅದೇ ಲೆಕ್ಕವನ್ನು ಕ = −6 ಹಾಕಿ ಮತ್ತೆ ಮಾಡಿಸಿ. ಸರಿಯಾಗಿ ಮಾಡಿದರೆ 3|−7| − |7| = 14 ಬರಬೇಕು. 2 − 6 + 5 ಎಂದು ಬರೆಯುವ ಮಗುವಿಗೆ 3 × 1 − 7 = −4 ಬಂದು ಗುಟ್ಟು ರಟ್ಟಾಗುತ್ತದೆ.

ಪ್ರಶ್ನೆ: ಮಕ್ಕಳು ಗೆರೆಯನ್ನೂ 1 ಎಂಬ ಅಂಕಿಯನ್ನೂ ಒಂದೇ ಥರ ಬರೆಯುತ್ತಾರೆ. ಗೆರೆಯೊಳಗೆ ಗೆರೆ ಬಂದರೆ ನನಗೇ ಯಾವುದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುವುದಿಲ್ಲ. ಏನು ಮಾಡಿಸಬಹುದು?
— ಶಿಕ್ಷಕರು, ಹೊಸನಗರ

ಉತ್ತರ: ಈ ತೊಂದರೆ ಗೆರೆಯ ಆಕಾರದ್ದೇ. ನಿಂತ ಗೆರೆಯ ಗುರುತನ್ನು 1841ರಲ್ಲಿ ಬಳಕೆಗೆ ತಂದವರು ಜರ್ಮನಿಯ ಗಣಿತಜ್ಞ ಕಾರ್ಲ್ ವೈಯರ್‌ಸ್ಟ್ರಾಸ್. ಆವರಣಕ್ಕಾದರೆ ತೆರೆಯುವ ಮುಖ, ಮುಚ್ಚುವ ಮುಖ ಬೇರೆ. ಗೆರೆಗೆ ಎರಡೂ ಒಂದೇ. |−4| ಎಂಬುದು ಅವಸರದ ಕೈಬರಹದಲ್ಲಿ 1 − 41 ಆಗಿಬಿಡುತ್ತದೆ.

ಗೆರೆ ಹಾಕಿದ ಪುಸ್ತಕದಲ್ಲಿ ಅಂಕಿಗಳು ಸಾಲಿನ ಅರ್ಧ ಎತ್ತರಕ್ಕೆ, ನಿಂತ ಗೆರೆ ಮಾತ್ರ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಎಂದು ಅಭ್ಯಾಸ ಮಾಡಿಸಿ. 1ಕ್ಕೆ ತಲೆಯಲ್ಲಿ ಸಣ್ಣ ಕೊಕ್ಕೆ ಇರಲಿ. ಗೆರೆಯೊಳಗೆ ಗೆರೆ ಇದ್ದರೆ ಹೊರಗಿನ ಜೋಡಿ ಇನ್ನಷ್ಟು ಉದ್ದ, ಕಪ್ಪು ಹಲಗೆಯ ಮೇಲಾದರೆ ಬೇರೆ ಬಣ್ಣದ ಸೀಮೆಸುಣ್ಣ. ಉದಾಹರಣೆಗೆ ಕ = −5 ಇದ್ದಾಗ |3 − |ಕ − 2||. ಒಳಗಿನ ಜೋಡಿ ಮೊದಲು: −5 − 2 = −7, ಅದರ ನಿರಪೇಕ್ಷ ಮೌಲ್ಯ 7. ಆಗ ಉಳಿದದ್ದು |3 − 7| = |−4| = 4. ಒಂದು ಸಾಲಿನಲ್ಲಿ ಒಂದೇ ಜೋಡಿ ಗೆರೆ ತೆಗೆಯಲು ಬಿಡಿ. ಎರಡನ್ನೂ ಒಟ್ಟಿಗೆ ತೆಗೆಯುವ ಮಕ್ಕಳಿಗೆ 3 − 5 − 2 ಎಂದೂ 3 + 5 − 2 ಎಂದೂ ಏನೇನೋ ಬರುತ್ತದೆ.

ಪ್ರಶ್ನೆ: ನಾನು ಪಿಯುಸಿ ವಿಜ್ಞಾನ. ಮಾಡ್ಯುಲಸ್ (ನಿರಪೇಕ್ಷ ಮೌಲ್ಯ) ಯಾವತ್ತೂ ಋಣ ಆಗುವುದಿಲ್ಲ ಎನ್ನುತ್ತಾರೆ. ಆದರೆ ವ್ಯಾಖ್ಯೆಯಲ್ಲಿ ‘ಕ ಸೊನ್ನೆಗಿಂತ ಕಡಿಮೆ ಇದ್ದರೆ |ಕ| = −ಕ’ ಎಂದಿದೆ. ಇದು ವಿರೋಧ ಅಲ್ಲವೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ವಿರೋಧ ಇಲ್ಲ. −ಕ ನೋಡಿ ‘ಋಣ ಸಂಖ್ಯೆ’ ಎಂದು ಓದುವುದರಿಂದ ಹಾಗೆ ಕಾಣುತ್ತದೆ. −ಕ ಎಂದರೆ ‘ಕ-ದ ಚಿಹ್ನೆ ತಿರುಗಿಸಿದ್ದು’. ಕ = −9 ಹಾಕಿ ನೋಡಿ: −ಕ = −(−9) = 9. ಆ ನಿಯಮ ಅನ್ವಯವಾಗುವುದೇ ಕ ಋಣ ಇದ್ದಾಗ, ಹಾಗಾಗಿ ಚಿಹ್ನೆ ತಿರುಗಿಸಿದಾಗ ಧನವೇ ಬರುತ್ತದೆ.

ಕ = −7 ಹಾಕಿ ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ:

|ಕ| = 7
|−ಕ| = 7
−|ಕ| = −7
−|−ಕ| = −7

ಕೊನೆಯ ಎರಡರಲ್ಲಿ ಉತ್ತರ ಋಣವೇ, ಅದು ಸರಿಯೇ. ಋಣ ಆಗದಿರುವುದು ಗೆರೆಯೊಳಗಿಂದ ಹೊರಬರುವ ಬೆಲೆ. ಇಡೀ ಬೀಜೋಕ್ತಿ ಋಣ ಆಗಬಾರದೆಂದು ಯಾರೂ ಹೇಳಿಲ್ಲ.

ಮುಂದೆ ನಿಮಗೆ ಬರುವ ಇನ್ನೆರಡು ಕಡೆ ಇದೇ ವ್ಯಾಖ್ಯೆ ಕೆಲಸ ಮಾಡುತ್ತದೆ. ಕ² ದ ವರ್ಗಮೂಲ ‘ಕ’ ಅಲ್ಲ, |ಕ|. ಕ = −9 ಆದರೆ ಕ² = 81, √81 = 9. ಹಾಗೆಯೇ |ಕ|/ಕ. ಮೇಲೆ ಕೆಳಗೆ ಹೊಡೆದುಹಾಕಿ 1 ಎಂದು ಬರೆಯುವವರು ಬಹಳ. ಕ = −6 ಹಾಕಿದರೆ 6/(−6) = −1. ಕ ಸೊನ್ನೆಯಾದರೆ ಅದಕ್ಕೆ ಬೆಲೆಯೇ ಇಲ್ಲ.

ಗುಣಾಕಾರದಲ್ಲಿ ಗೆರೆಯನ್ನು ಬಿಡಿಸಬಹುದು, ಸಂಕಲನದಲ್ಲಿ ಬಿಡಿಸಬಾರದು ಎಂಬುದನ್ನೂ ನೆನಪಿಡಿ. |2 × (−4)| ಅನ್ನು |2| × |−4| ಎಂದರೂ 8. ಆದರೆ |5 + (−8)| = 3, |5| + |−8| = 13. ಮೇಲಿನ ತೀರ್ಥಹಳ್ಳಿಯ ಹುಡುಗಿಗೆ 36 ಬಂದಿದ್ದರ ಮೂಲ ಇದೇ.

ಪ್ರಶ್ನೆ: ಇದರಿಂದ ನಿತ್ಯದ ಬದುಕಿಗೆ ಏನು ಉಪಯೋಗ ಎಂದು ಮಗ ಕೇಳುತ್ತಾನೆ. ಹೇಳಲು ನನ್ನ ಹತ್ತಿರ ಉತ್ತರವಿಲ್ಲ.
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ನಿಮ್ಮ ಊರಿನಿಂದಲೇ ಶುರು ಮಾಡಿ. ಶಿವಮೊಗ್ಗವನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಸಾಗರದ ಕಡೆ ಧನ, ಭದ್ರಾವತಿಯ ಕಡೆ ಋಣ. ರಸ್ತೆಯಲ್ಲಿ ಸಾಗರ ಸುಮಾರು 72 ಕಿ.ಮೀ., ಭದ್ರಾವತಿ ಸುಮಾರು 20; ಅಂದರೆ ಸಂಖ್ಯಾರೇಖೆಯ ಮೇಲೆ 72 ಮತ್ತು −20. ಶಿವಮೊಗ್ಗದ ಮೇಲೆ ಹಾದು ಹೋಗುವ ದೂರ |72 − (−20)| = 92. ಭದ್ರಾವತಿಯಿಂದ ಹೊರಟರೆ |−20 − 72| = |−92| = 92. ಯಾವ ಕಡೆಯಿಂದ ಹೊರಟರೂ ದೂರ ಒಂದೇ, ಲೆಕ್ಕವೂ ಅದನ್ನೇ ಹೇಳುತ್ತದೆ. −20ರ ಮೈನಸ್ ಬಿಟ್ಟರೆ 52 ಬರುತ್ತದೆ, ಆಗ ಭದ್ರಾವತಿ ಸಾಗರದ ರಸ್ತೆಗೇ ಬಂದು ಕೂತ ಹಾಗೆ.

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ನೀರು 1790 ಅಡಿಯಲ್ಲಿದ್ದರೆ 1790 − 1819 = −29. ಮೈನಸ್ ‘ಇನ್ನೂ ತುಂಬಿಲ್ಲ’ ಎನ್ನುತ್ತದೆ, ನಿರಪೇಕ್ಷ ಮೌಲ್ಯ ‘29 ಅಡಿ’ ಎನ್ನುತ್ತದೆ.

ಆದರೆ ನಿಮ್ಮ ಮಗನಿಗೆ ನಿಜವಾಗಿ ನಾಟುವುದು ತೂಕ. ರಾಶಿ ಅಡಿಕೆ ತುಂಬುವಾಗ ಚೀಲಕ್ಕೆ 50 ಕೆ.ಜಿ. ಎಂದು ನೀವು ನಿಗದಿ ಮಾಡಿದ್ದೀರಿ ಎನ್ನೋಣ. ನಾಲ್ಕು ಚೀಲ ತೂಗಿದರೆ 52, 47, 51, 50 ಬಂತು. ವ್ಯತ್ಯಾಸ: 2, −3, 1, 0. ಕೂಡಿದರೆ ಸೊನ್ನೆ. ಸೊನ್ನೆ ನೋಡಿ ‘ತುಂಬಿದವರು ಕರಾರುವಾಕ್ಕು’ ಎಂದರೆ ತಪ್ಪು. ಸರಿಯಾಗಿರುವುದು ಒಂದೇ ಚೀಲ. ಹೆಚ್ಚು ಕಡಿಮೆ ಒಂದನ್ನೊಂದು ತಿಂದುಹಾಕಿವೆ. ನಿರಪೇಕ್ಷ ಮೌಲ್ಯ ಕೂಡಿದರೆ 2 + 3 + 1 + 0 = 6, ಸರಾಸರಿ ಚೀಲಕ್ಕೆ ಒಂದೂವರೆ ಕೆ.ಜಿ. ಆಚೀಚೆ. ಒಟ್ಟು ತೂಕ ಸರಿ ಇದೆಯೇ ಎಂದು ನೋಡಲು ಮೊದಲ ಲೆಕ್ಕ, ತುಂಬುವ ಕೆಲಸ ಸರಿ ಇದೆಯೇ ಎಂದು ನೋಡಲು ಎರಡನೆಯದು. ಎರಡೂ ಬೇಕು.

ಪ್ರಶ್ನೆ: ಕ = −3 ಆದಾಗ |ಕ² − 10| ಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್ 19 ತೋರಿಸಿತು, ಎಕ್ಸೆಲ್ 1 ತೋರಿಸಿತು. ಯಾವುದನ್ನು ನಂಬಲಿ?
— ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ

ಉತ್ತರ: ಉತ್ತರ 1. (−3)² = 9, 9 − 10 = −1, ನಿರಪೇಕ್ಷ ಮೌಲ್ಯ 1. ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ನೀವು ಆವರಣವಿಲ್ಲದೆ −3² ಒತ್ತಿದ್ದೀರಿ. ಗಣಿತದ ರೂಢಿಯಂತೆ ಅದು ಮೊದಲು 3ರ ವರ್ಗ ಮಾಡಿ ಆಮೇಲೆ ಮೈನಸ್ ಹಚ್ಚಿತು: −9 − 10 = −19, ಗೆರೆ ತೆಗೆದು 19. ಎಕ್ಸೆಲ್‌ನ ರೂಢಿ ಬೇರೆ. ಸೂತ್ರದ ಮೊದಲಿಗೇ −3 ಬಂದರೆ ಅದು ಮೈನಸ್ ಅನ್ನು ಸಂಖ್ಯೆಗೆ ಅಂಟಿಸಿಕೊಂಡೇ ವರ್ಗ ಮಾಡುತ್ತದೆ, ಹಾಗಾಗಿ ಆವರಣ ಹಾಕದಿದ್ದರೂ 1 ಬಂತು. ಕ್ಯಾಲ್ಕುಲೇಟರಿನಲ್ಲಿ (−3) ಎಂದು ಆವರಣ ಸಮೇತ ಒತ್ತಿ, ಮುಚ್ಚುವ ಆವರಣ ಬಂದ ಮೇಲೆ ವರ್ಗದ ಗುಂಡಿ. ಎಕ್ಸೆಲ್‌ನಲ್ಲಿ −3 ಅನ್ನು ಒಂದು ಕೋಶದಲ್ಲಿ ಬರೆದು, ಸೂತ್ರದಲ್ಲಿ ಆ ಕೋಶದ ಹೆಸರನ್ನೇ ಕೊಡಿ. ಬೆಲೆ ಬದಲಿಸಿ ಪರೀಕ್ಷಿಸಲೂ ಸುಲಭ.