ಕಿಲಿಮಂಜಾರೋದಲ್ಲಿ ಗೈಡ್ ಅರ್ಧ ದಾರಿಯಿಂದ ವಾಪಸ್ ಕಳಿಸದ ಹಾಗೆ ಹೇಗೆ ತಯಾರಾಗಬೇಕು?

ಹತ್ತು ಕಿಲೋಮೀಟರ್ ಓಡ್ತೀನಿ, ರಜೆ ಕಮ್ಮಿ, ಆಫ್ರಿಕಾದ ಅತಿ ಎತ್ತರದ ಬೆಟ್ಟ ಕಿಲಿಮಂಜಾರೋಗೆ ಮಚಾಮೆ ದಾರಿಯ ಆರು ದಿನದ ಪ್ಯಾಕೇಜ್ ಸಾಕಾ, ಗೈಡ್ ವಾಪಸ್ ಕಳಿಸದ ಹಾಗೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಹೊರಡುವ ಮುಂಚೆ ನಾನೂ ಸಿಕ್ಕ ಸಿಕ್ಕವರನ್ನೆಲ್ಲ ಇದನ್ನೇ ಕೇಳಿದ್ದೆ. ಆ ಕೊನೆಯ ಪ್ರಶ್ನೆಯೇ ತಪ್ಪು. ಯಾಕೆ ಅಂತ ಹೇಳ್ತೀನಿ.

2019ರ ಜನವರಿ, ನನಗೆ 39. ನಾನು, ನನ್ನ ಹೆಂಡತಿ ಇಬ್ಬರೂ ಹೋದೆವು. ಅದು ಅವಳ ಆಸೆ. ಐದು ವರ್ಷ ಚೀಟಿ ಕಟ್ಟಿ ದುಡ್ಡು ಕೂಡಿಸಿದ್ದಳು. ಜೋರಾಗಿ ತಯಾರಿ ಮಾಡಿದ್ದು ಮಾತ್ರ ನಾನು. ಕಬ್ಬನ್ ಪಾರ್ಕಲ್ಲಿ ಬೆಳಗ್ಗೆ ಓಟ, ಭಾನುವಾರ ನಂದಿ ಬೆಟ್ಟದ ಮೆಟ್ಟಿಲು, ವಾರದ ಮಧ್ಯೆ ಬೆನ್ನಿಗೆ ಚೀಲ ಹಾಕಿಕೊಂಡು ಅಪಾರ್ಟ್‌ಮೆಂಟಿನ ಹದಿನಾಲ್ಕು ಮಹಡಿ ಹತ್ತಿ ಇಳಿಯೋದು. ಕಾಲಿಗೆ, ಮಂಡಿಗೆ ಇದು ಒಳ್ಳೆಯದೇ, ಖಂಡಿತ ಮಾಡಿ. ಆದರೆ ಇದರಿಂದ ಮೈ ಎತ್ತರಕ್ಕೆ ಒಗ್ಗುವುದಿಲ್ಲ. ನಂದಿ ಬೆಟ್ಟ 1,478 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರದ್ದಾದ ಮುಳ್ಳಯ್ಯನಗಿರಿ 1,930. ಮಚಾಮೆ ದಾರಿ ಶುರುವಾಗುವ ಗೇಟೇ ಸುಮಾರು 1,800 ಮೀಟರಿನಲ್ಲಿದೆ. ಕರ್ನಾಟಕದಲ್ಲಿ ಯಾವ ಬೆಟ್ಟ ಹತ್ತಿದರೂ ನಾವು ಅವರ ಹೊಸ್ತಿಲ ಹತ್ತಿರ ಬಂದು ನಿಂತ ಹಾಗೆ, ಅಷ್ಟೇ. ತುದಿ ಉಹುರು 5,895 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧ. ಓಟಗಾರ ಅಂತ ಯಾರಿಗೂ ರಿಯಾಯಿತಿ ಇಲ್ಲ. ಓಡುವವರು ಜೋರಾಗಿ ಹತ್ತಿಬಿಡ್ತಾರೆ, ಅದೇ ಮುಳುವಾಗುತ್ತೆ. ಗೈಡ್‌ಗಳು ದಿನವಿಡೀ 'ಪೋಲೆ ಪೋಲೆ' ಅಂತಿರ್ತಾರೆ, ಸ್ವಾಹಿಲಿಯಲ್ಲಿ ನಿಧಾನ ನಿಧಾನ ಅಂತ. ನಾನು ಅವರನ್ನೇ ದಾಟಿ ಮುಂದೆ ಹೋಗ್ತಿದ್ದೆ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಲಾವಾ ಟವರ್ ಹತ್ತಿರ, ಸುಮಾರು 4,600 ಮೀಟರಿನಲ್ಲಿ, ತಲೆ ಸಿಡಿಯೋಕೆ ಶುರುವಾಯಿತು. ಅವತ್ತೇ ಬರಾಂಕೋ ಕ್ಯಾಂಪಿಗೆ, ಅಂದರೆ 4,000ಕ್ಕಿಂತ ಸ್ವಲ್ಪ ಕೆಳಗೆ ಇಳಿದಾಗ ಹೋಯಿತು. ಹಗಲು ಎತ್ತರಕ್ಕೆ ಹತ್ತಿಸಿ ರಾತ್ರಿ ಕೆಳಗೆ ಮಲಗಿಸುವುದು ಆ ದಾರಿಯ ದೊಡ್ಡ ಗುಣ. ಏಳು ದಿನದವರು ಮಾರನೆಯ ದಿನ ನಡುವೆ ಕರಂಗಾದಲ್ಲಿ ಒಂದು ರಾತ್ರಿ ತಂಗುತ್ತಾರೆ. ಆರು ದಿನದವರಾದ ನಾವು ಬರಾಂಕೋದ ಬಂಡೆಗೋಡೆ ಹತ್ತಿ ನೇರ ಶಿಖರದ ಕೆಳಗಿನ ಕೊನೆಯ ಕ್ಯಾಂಪ್ ಬರಾಫೂಗೆ ಹೋದೆವು. ಒಂದೇ ಹಗಲಲ್ಲಿ ಸುಮಾರು 700 ಮೀಟರ್ ಏರಿಕೆ, ಅವತ್ತೇ ಮಧ್ಯರಾತ್ರಿ ಶಿಖರಕ್ಕೆ ಹೊರಡಬೇಕು.

ಬರಾಫೂ ತಲುಪಿದಾಗ ತಲೆನೋವು ಮತ್ತೆ ಬಂದಿತ್ತು, ಈ ಸಲ ಹೋಗಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ವಾಸನೆಗೇ ಹೊಟ್ಟೆ ತೊಳೆಸಿತು. ಪ್ರತಿ ಸಂಜೆ ಮುಖ್ಯ ಗೈಡ್ ಡೇರೆಗೆ ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿ, ತಲೆನೋವು ಇದೆಯಾ, ಊಟ ಸೇರ್ತಾ, ನಿದ್ದೆ ಬಂತಾ ಅಂತ ಕೇಳಿ ಬರೆದುಕೊಳ್ತಿದ್ದರು. ಅವತ್ತು ಅವರು ಬರುವ ಮುಕ್ಕಾಲು ಗಂಟೆ ಮುಂಚೆ ನಾನು ಒಂದು ಡೋಲೋ ನುಂಗಿದೆ. ಬೆರಳು ತಣ್ಣಗಿದ್ದರೆ ಅಂಕಿ ಕಮ್ಮಿ ತೋರಿಸುತ್ತೆ ಅಂತ ಗೊತ್ತಿತ್ತು, ಟೀ ಲೋಟ ಹಿಡಿದು ಬೆಚ್ಚಗೆ ಮಾಡಿಕೊಂಡೆ. ತಲೆನೋವು? ಇಲ್ಲ. ಊಟ? ಮಾಡಿದೆ. ಅವರು ಬರೆದುಕೊಂಡು ಹೋದರು. "ಗೈಡ್‌ಗೆ ಹೇಳಿದ್ರಾ?" ಅಂತ ಹೆಂಡತಿ ಕೇಳಿದಳು, ಮಾತ್ರೆ ನುಂಗಿದ್ದನ್ನು ನೋಡಿದ್ದಳು. "ಹೇಳಿದೀನಿ, ಪರವಾಗಿಲ್ಲ ಅಂದ್ರು" ಅಂದೆ.

ಇದನ್ನು ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವು ಕೇಳ್ತಿರುವುದು ಇದೇ ದಾರಿ. ಮಾತ್ರೆ ನುಂಗಿದ್ದು ತಪ್ಪಲ್ಲ. ನುಂಗಿ ಮುಚ್ಚಿಟ್ಟಿದ್ದು ತಪ್ಪು. ಆ ಎತ್ತರದಲ್ಲಿ, 'ಇಲ್ಲಿಗೆ ನಾನಿನ್ನೂ ಒಗ್ಗಿಲ್ಲ' ಅಂತ ಮೈ ಹೇಳುವುದು ಸಾಮಾನ್ಯವಾಗಿ ತಲೆನೋವಿನ ಮೂಲಕವೇ. ನಾನು ಅದರ ಬಾಯಿ ಮುಚ್ಚಿದೆ, ಕಾಯಿಲೆ ಒಳಗೆ ಬೆಳೀತಾನೇ ಇತ್ತು. ಹೇಳಿದ್ದರೆ ಗೈಡ್ ಹತ್ತಿರ ದಾರಿಗಳಿದ್ದವು: ಹೊರಡುವುದನ್ನು ತಡ ಮಾಡಬಹುದಿತ್ತು, ನನ್ನನ್ನು ಅಲ್ಲೇ ಬಿಟ್ಟು ಅವಳನ್ನು ಮಾತ್ರ ಕರೆದುಕೊಂಡು ಹೋಗಬಹುದಿತ್ತು. ಸಂಜೆ ಐದಕ್ಕೆ ಇದ್ದ ಆ ದಾರಿ ಯಾವುದೂ ರಾತ್ರಿ ಮೂರಕ್ಕೆ ಇರಲಿಲ್ಲ.

ರಾತ್ರಿ ಮೂರರ ಹೊತ್ತಿಗೆ, 5,400ರ ಆಸುಪಾಸಿನಲ್ಲಿ, ನಾನು ಕುಡಿದವನ ಹಾಗೆ ತೂರಾಡ್ತಿದ್ದೆ. ನನಗೆ ಅದು ಗೊತ್ತೇ ಆಗಿರಲಿಲ್ಲ. ಗೈಡ್ ಟಾರ್ಚ್ ಬೆಳಕು ಬಿಟ್ಟು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ನಡೀರಿ ಅಂದರು. ಮೂರು ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ಮೆದುಳಿಗೆ ನೀರು ಸೇರಿ ಊದಿಕೊಳ್ಳುವ ಕಾಯಿಲೆಯ ಲಕ್ಷಣ ಅದು, ಇಳಿಸದಿದ್ದರೆ ಜೀವ ಹೋಗುತ್ತೆ. ಅವರು ಚರ್ಚೆಗೇ ನಿಲ್ಲಲಿಲ್ಲ. ಹೆಂಡತಿ ಚೆನ್ನಾಗೇ ಇದ್ದಳು. ಸಹಾಯಕ ಗೈಡ್ ಅವಳನ್ನು ಮೇಲೆ ಕರೆದುಕೊಂಡು ಹೋಗ್ತೀನಿ ಅಂದರು. ಅವಳು ಒಂದು ಸಲ ಮೇಲೆ ನೋಡಿದಳು, ಮುಂದೆ ಹೋದವರ ಟಾರ್ಚುಗಳು ಸಾಲಾಗಿ ಕಾಣ್ತಿದ್ದವು. ಆಮೇಲೆ ನನ್ನ ತೋಳು ಹಿಡಿದು ಕೆಳಗೆ ತಿರುಗಿದಳು. 3,800 ಮೀಟರಿನ ಕ್ಯಾಂಪಿಗೆ ಇಳಿಯುವಷ್ಟರಲ್ಲಿ ನನ್ನ ತಲೆ ತಿಳಿಯಾಯಿತು. ಅಲ್ಲಿ ಕೂತು ಡೋಲೋ ವಿಷಯ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಎದ್ದು ಹೋಗಿ ಗೈಡ್‌ಗಳಿಗೆ ಥ್ಯಾಂಕ್ಸ್ ಹೇಳಿ ಬಂದಳು.

ಹಾಗಾಗಿ ಗೈಡ್ ವಾಪಸ್ ಕಳಿಸದ ಹಾಗೆ ಏನು ಮಾಡಬೇಕು ಅಂತ ಯೋಚಿಸಬೇಡಿ. ಅಗತ್ಯ ಬಿದ್ದರೆ ಕಳಿಸುವ ಗೈಡ್ ಬೇಕು, ಅದಕ್ಕೇ ನೀವು ದುಡ್ಡು ಕೊಡುವುದು. ಬುಕ್ ಮಾಡುವ ಮುಂಚೆ ಒಂದೇ ಮಾತು ಕೇಳಿ: ಒಬ್ಬರು ಇಳಿಯಬೇಕಾದರೆ ಉಳಿದವರ ಜೊತೆ ಹೋಗೋಕೆ ಎಷ್ಟು ಜನ ಗೈಡ್ ಇರ್ತಾರೆ? ಆರು ದಿನದ್ದು ಬೇಡವೇ ಬೇಡ. ಏಳಕ್ಕೆ ರಜೆ ಸಿಗದಿದ್ದರೆ ಈ ವರ್ಷ ಹೋಗಬೇಡಿ. ಲೆಮೋಷೋ ಅನ್ನೋ ಇನ್ನೊಂದು ದಾರಿಯ ಎಂಟು ದಿನದ್ದು ಇನ್ನೂ ಒಳ್ಳೆಯದು. ಡಯಾಮಾಕ್ಸ್ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಅದು ಉಸಿರಾಟ ಹೆಚ್ಚಿಸಿ ಮೈ ಒಗ್ಗೋಕೆ ಸಹಾಯ ಮಾಡುತ್ತೆ, ನೋವನ್ನು ಮರೆಮಾಚುವುದಿಲ್ಲ. ಹೆಂಡತಿಯೋ ಗೆಳೆಯರೋ ಜೊತೆಗಿದ್ದರೆ, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲೇಬೇಕು ಅಂತ ಬೆಂಗಳೂರಲ್ಲೇ ಕೂತು ಮಾತಾಡಿಕೊಳ್ಳಿ. ಮೇಲೆ ಹೋದಮೇಲೆ ಅದು ಆಗಲ್ಲ.

ಬರುವ ಫೆಬ್ರವರಿಗೆ ಅವಳು ಮತ್ತೆ ಹೋಗ್ತಿದ್ದಾಳೆ, ಎಂಟು ದಿನದ್ದು, ಒಂದು ಗುಂಪಿನ ಜೊತೆ. ನಾನು ಮನೇಲಿ ಮಗನನ್ನು ನೋಡಿಕೊಂಡಿರ್ತೀನಿ.